ಎಡಕ್ಕೆಷ್ಟು, ಬಲಕ್ಕೆಷ್ಟು

ದೊಡ್ಡ ಆಸ್ಪತ್ರೆಗಳಿಗೆ ನೆಲಮಾಳಿಗೆಯೆಂದರೆ ಅದೇನು ಪ್ರೀತಿಯೋ. ಮೇಲೆ ಗಾಜಿನ ಬಾಗಿಲು, ಕಾಫಿ ಅಂಗಡಿ, ಹೂಕುಂಡ. ಕೆಳಗಿಳಿದರೆ ಜನರನ್ನು ಹೆದರಿಸುವ ಯಂತ್ರಗಳೆಲ್ಲ ಸಾಲಾಗಿ ಕೂತಿರುತ್ತವೆ. ಹೊಸೂರು ರಸ್ತೆಯ ಆ ಆಸ್ಪತ್ರೆಯ ನೆಲಮಾಳಿಗೆಗೆ ಬೆಳಿಗ್ಗೆ ಬಂದು ಕಬ್ಬಿಣದ ಕುರ್ಚಿಯ ಮೇಲೆ ಕೂತ ಶಿವಗಂಗಾಳಿಗೆ ಮಾತ್ರ ಭಯಕ್ಕಿಂತ ಹೆಚ್ಚಾಗಿ ನಿದ್ದೆ ಬರುತ್ತಿತ್ತು. ಎದುರಿನ ಬಾಗಿಲಿಗೆ ಹೊಡೆದ ಹಳದಿ ಹಲಗೆಯಲ್ಲಿ ಮೂರು ರೆಕ್ಕೆಗಳ ಕಪ್ಪು ಗುರುತಿತ್ತು. ವಿಕಿರಣವಿದೆ, ಎಚ್ಚರಿಕೆ ಎಂದು ಅದರ ಅರ್ಥ. ಶಿವಗಂಗಾ ಅದನ್ನು ಫ್ಯಾನಿನ ಚಿತ್ರವೆಂದುಕೊಂಡು, ಒಳಗೆ ತಂಪಾಗಿರಬಹುದು ಎಂದು ಸಮಾಧಾನಪಟ್ಟಳು.

ಅವಳು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಅಂಗಿಗಳಿಗೆ ಕಾಲರ್ ಕೂಡಿಸುತ್ತಾಳೆ. ಸಿಂದಗಿ ಕಡೆಯವಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಾಗ ಜಗಳವಾಡುವ ಗೋಜಿಗೂ ಹೋಗದೆ ಬೆಂಗಳೂರಿನ ಬಸ್ಸು ಹತ್ತಿದವಳು. ಇಲ್ಲಿ ಕಾಲೂರಿದ ಮೇಲೆ ತಮ್ಮ ಬಸಲಿಂಗನನ್ನು ಕರೆಸಿಕೊಂಡಳು, ಆಮೇಲೆ ತಾಯಿ ಮಲಕವ್ವನನ್ನೂ. ಮೂವರೂ ಚಂದಾಪುರದ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಬಸಲಿಂಗ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಮುಖ ಬಾತುಕೊಂಡು, ಉಸಿರು ಸಾಲದೆ ಒಂದು ದಿನ ಗಾಡಿಯಿಂದ ಇಳಿದವನು ಮತ್ತೆ ಹತ್ತಲಿಲ್ಲ. ಎರಡೂ ಕಿಡ್ನಿ ಹೋಗಿವೆ ಎಂದರು. ಅಂದಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಲ್ಲಿಂದ ಬಂದವನು ಹಿಂಡಿ ಹಾಕಿದ ಬಟ್ಟೆಯಂತೆ ಮೂಲೆಯಲ್ಲಿ ಮಲಗುತ್ತಾನೆ. ಅವನಿಗಿನ್ನೂ ಮೂವತ್ತು ತುಂಬಿಲ್ಲ.

ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಮೊದಲಿನಂತಾಗುತ್ತಾನೆ ಎಂದು ಡಾಕ್ಟರ್ ರಾಜೇಂದ್ರ ಹೇಳಿದರು. ಮಲಕವ್ವನಿಗೆ ಸಕ್ಕರೆ ಕಾಯಿಲೆ, ಅವಳದ್ದು ನಡೆಯುವುದಿಲ್ಲ. ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ‘ಅಕ್ಕ ಅದಾಳಲ್ಲ’ ಎಂದಳು ಮಲಕವ್ವ, ಅಡುಗೆಮನೆಯಲ್ಲಿ ಉಪ್ಪಿದೆಯಲ್ಲ ಎನ್ನುವ ಹಾಗೆ. ಅಲ್ಲಿಗೆ ಮಾತು ಮುಗಿಯಿತು. ಕೊಡುತ್ತೀಯಾ ಎಂದು ಶಿವಗಂಗಾಳನ್ನು ಯಾರೂ ಕೇಳಲಿಲ್ಲ. ಆಸ್ಪತ್ರೆಯವರು ಕೇಳಿದರು, ನಿಜ; ಕೇಳಬೇಕೆಂಬ ಕಾನೂನಿದೆ. ಆದರೆ ಪಕ್ಕದ ಕುರ್ಚಿಯಲ್ಲಿ ತಾಯಿಯನ್ನು ಕೂರಿಸಿಕೊಂಡು ‘ನಿಮ್ಮ ಸ್ವಂತ ಇಷ್ಟದಿಂದ ಕೊಡ್ತಿದ್ದೀರಾ’ ಎಂದು ಕೇಳಿದರೆ ಯಾವ ಮಗಳು ಏನು ಹೇಳಿಯಾಳು?

ಹಾಗಂತ ಅವಳಿಗೆ ತಮ್ಮನ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಬಹಳ ಪ್ರೀತಿಯಿತ್ತು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೇ ಅವಳು. ಆದರೆ ದಣಿವಾಗಿತ್ತು. ಭಾನುವಾರ ಮಲಗಿದರೆ ಹೋಗುವ ದಣಿವಲ್ಲ ಅದು. ಎಷ್ಟೋ ಭಾನುವಾರಗಳಿಂದ ಕೂಡುತ್ತ ಬಂದದ್ದು. ಒಂದು ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ, ಯಾವುದಾದರೂ ಪರೀಕ್ಷೆಯಲ್ಲಿ ನನ್ನದು ಬೇಡವೆಂದು ಬಂದುಬಿಡಲಿ ಎಂಬ ಯೋಚನೆ ತಾನಾಗಿಯೇ ಬಂತು. ಬಂದದ್ದೇ ತಡ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಸುತ್ತ ನೋಡಿದಳು. ಆಮೇಲೆ ಅದನ್ನು ಮನಸ್ಸಿನಿಂದ ಒರೆಸಿಹಾಕಲು ನೋಡಿದಳು, ಆಗಲಿಲ್ಲ.

ರಕ್ತದ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದವು. ಉಳಿದ ದೊಡ್ಡ ಪರೀಕ್ಷೆಯೆಂದರೆ ಈ ಸ್ಕ್ಯಾನು.

ಬಾಗಿಲು ತೆರೆದು ಕರೆದವಳು ಲಾವಣ್ಯ ಎಂಬ ಹುಡುಗಿ, ಯಂತ್ರ ನಡೆಸುವವಳು. ಮಾತು ಜಾಸ್ತಿ, ಕೈ ಮೆತ್ತಗೆ.

“ಭಯ ಏನಿಲ್ಲ ಅಕ್ಕ. ಒಂಚೂರು ವಿಕಿರಣ ಇರೋ ಔಷಧಿನ ಕೈಗೆ ಚುಚ್ತೀನಿ. ಅದು ರಕ್ತದಲ್ಲಿ ಹೋಗಿ ಕಿಡ್ನಿಲಿ ಸೋಸ್ಕೊಂಡು ಮೂತ್ರದಲ್ಲಿ ಹೊರಟೋಗತ್ತೆ. ಎಡಗಡೆ ಕಿಡ್ನಿ ಎಷ್ಟ್ ಎಳ್ಕೊಳತ್ತೆ, ಬಲಗಡೇದು ಎಷ್ಟ್ ಎಳ್ಕೊಳತ್ತೆ, ಎಷ್ಟ್ ಬೇಗ ಹೊರಗ್ ಬಿಡತ್ತೆ ಅಂತ ಈ ಕ್ಯಾಮೆರಾ ನೋಡ್ಕೊಳತ್ತೆ. ಅಲ್ಲಾಡದೆ ಅರ್ಧ ಗಂಟೆ ಮಲಗಿದ್ರೆ ಆಯ್ತು. ಒಂದ್ ಲೀಟರ್ ನೀರು ಕುಡ್ಕೊಂಡ್ ಬನ್ನಿ ಅಂದಿದ್ರಲ್ಲ, ಕುಡಿದ್ರಾ?”

“ಹ್ಞೂಂ,” ಎಂದಳು ಶಿವಗಂಗಾ.

ಕುಡಿದಿರಲಿಲ್ಲ. ಒಂದು ಹನಿಯೂ ಕುಡಿದಿರಲಿಲ್ಲ. ಮಲಕವ್ವ ತುಂಬಿಕೊಟ್ಟ ಬಾಟಲಿ ಚೀಲದಲ್ಲಿ ಹಾಗೆಯೇ ಇತ್ತು.

ಇದು ಬೇಕೆಂದು ಮಾಡಿದ್ದಲ್ಲ. ಗಾರ್ಮೆಂಟ್ಸ್‌ನ ಹೆಂಗಸರ ಬದುಕು ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದೂ ಕಷ್ಟ. ಅವಳ ಲೈನಿನಲ್ಲಿ ನಲವತ್ತು ಮಷಿನು. ನಲವತ್ತಕ್ಕೂ ಸೇರಿ ಟಾಯ್ಲೆಟ್ಟಿಗೆ ಹೋಗಲು ಒಂದೇ ಒಂದು ಮರದ ಬಿಲ್ಲೆ. ಅದು ಸೂಪರ್‌ವೈಸರ್ ನರಸಪ್ಪನ ಮೇಜಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ಬಿಲ್ಲೆ ತೆಗೆದುಕೊಂಡವಳು ವಾಪಸು ಬರುವ ತನಕ ಅವನು ಗಡಿಯಾರ ನೋಡುತ್ತಾನೆ. ಒಂದು ನಿಮಿಷ ಹೆಚ್ಚಾದರೆ ಇಡೀ ಲೈನಿಗೆ ಕೇಳುವಂತೆ ‘ಏನಮ್ಮ, ಒಳಗಡೆ ಹಾಸಿಗೆ ಹಾಕಿದ್ರಾ’ ಎನ್ನುತ್ತಾನೆ. ಅಷ್ಟು ಮಾತು ಕೇಳುವುದಕ್ಕಿಂತ ನೀರು ಕುಡಿಯದಿರುವುದೇ ವಾಸಿ ಎಂದು ಎಲ್ಲರೂ ಕಲಿತುಬಿಟ್ಟಿದ್ದರು. ಬೆಳಿಗ್ಗೆ ಎದ್ದು ನೀರು ಮುಟ್ಟದೆ ಬಂದರೆ ಊಟದ ತನಕ ನಿಶ್ಚಿಂತೆ. ಹೊಸದಾಗಿ ಸೇರಿದವರಿಗೆ ಇದನ್ನು ಹೇಳಿಕೊಡುತ್ತಿದ್ದವಳು ಶಿವಗಂಗಾಳೇ. ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತಿತ್ತು. ಈ ಹೆಮ್ಮೆಗೆ ಅಳಬೇಕೋ ಬೈಯಬೇಕೋ ತಿಳಿಯುವುದಿಲ್ಲ.

ಅಂಥವಳಿಗೆ ಅಲ್ಲಾಡದೆ ಅರ್ಧ ಗಂಟೆ ಮಲಗಬೇಕು, ಅದಕ್ಕೂ ಮೊದಲು ಒಂದು ಲೀಟರ್ ನೀರು ಕುಡಿಯಬೇಕು ಎಂದರೆ ನಂಬಿಕೆ ಬರುವುದು ಹೇಗೆ? ಹೇಳಿದವರು ಬಾಯಿತಪ್ಪಿ ಹೇಳಿರಬೇಕು ಎಂದುಕೊಂಡಳು. ಹಿಂದಿನ ಪರೀಕ್ಷೆಗಳಿಗೆಲ್ಲ ಖಾಲಿ ಹೊಟ್ಟೆಯಲ್ಲಿ ಬಾ ಎಂದಿದ್ದರಲ್ಲ. ಅಷ್ಟು ದೊಡ್ಡ ಯಂತ್ರದ ಕೆಳಗೆ ಮಧ್ಯದಲ್ಲಿ ಅವಸರವಾಗಿಬಿಟ್ಟರೆ ಮಾನ ಹೋಗುವುದಿಲ್ಲವೇ? ಹಾಗಾಗಿ ಅಚ್ಚುಕಟ್ಟಾಗಿ ಒಣಗಿಕೊಂಡೇ ಬಂದಿದ್ದಳು. ಇನ್ನು ಕೇಳಿದ್ದಕ್ಕೆ ಹ್ಞೂಂ ಎನ್ನುವುದು, ಅದೂ ಲೈನಿನ ಅಭ್ಯಾಸವೇ. ಪೀಸ್ ಆಯ್ತಾ ಎಂದರೆ ಹ್ಞೂಂ, ಊಟ ಆಯ್ತಾ ಎಂದರೂ ಹ್ಞೂಂ.

ಲಾವಣ್ಯ ಸೂಜಿ ಚುಚ್ಚಿದಳು. ಮಂಚದಂಥ ಹಲಗೆಯ ಮೇಲೆ ಶಿವಗಂಗಾ ಅಂಗಾತ ಮಲಗಿದಳು. ಬೆನ್ನ ಕೆಳಗೆ ಕ್ಯಾಮೆರಾದ ದಪ್ಪ ತಟ್ಟೆ ಸರಿದು ನಿಂತಿತು. ಸದ್ದಿಲ್ಲ, ಧೂಳಿಲ್ಲ, ಯಾರೂ ಕೂಗುತ್ತಿಲ್ಲ. ಒಳಗೆ ನಿಜವಾಗಿಯೂ ತಂಪಾಗಿತ್ತು. ಕೆಲಸದ ದಿನ, ಹಾಡಹಗಲು, ಅಲ್ಲಾಡಬೇಡ ಎಂದು ಬೇರೆಯವರೇ ಹೇಳಿ ಮಲಗಿಸಿದ್ದಾರೆ. ಎರಡು ನಿಮಿಷವೂ ಆಗಿರಲಿಲ್ಲ, ಗಾಢವಾಗಿ ನಿದ್ದೆ ಹೋದಳು. ಮಧ್ಯದಲ್ಲಿ ಮೂತ್ರ ಬರಿಸುವ ಇನ್ನೊಂದು ಔಷಧಿ ಕೊಟ್ಟದ್ದೂ ಅವಳಿಗೆ ಗೊತ್ತಾಗಲಿಲ್ಲ. ಮುಗಿದ ಮೇಲೆ ಲಾವಣ್ಯ ಭುಜ ತಟ್ಟಿ ಎಬ್ಬಿಸಬೇಕಾಯಿತು.

“ಇಲ್ಲಿ ಹೀಗೆ ಗೊರಕೆ ಹೊಡೆದೋರು ನೀವೇ ಮೊದಲು ಅಕ್ಕ,” ಎಂದು ಲಾವಣ್ಯ ನಕ್ಕಳು. ಶಿವಗಂಗಾಳಿಗೆ ನಾಚಿಕೆಯಾಯಿತು. ಇನ್ನೂ ಸ್ವಲ್ಪ ಹೊತ್ತು ಬಿಡಬಾರದಿತ್ತೇ ಎಂದೂ ಅನಿಸಿತು.

ಮುಂದಿನ ವಾರ ಡಾಕ್ಟರ್ ರಾಜೇಂದ್ರ ಅಕ್ಕ, ತಮ್ಮ, ತಾಯಿ ಮೂವರನ್ನೂ ಕೂರಿಸಿಕೊಂಡರು. ಸಣ್ಣಗಿನ ಮನುಷ್ಯ, ಕನ್ನಡಕವನ್ನು ಹಣೆಯ ಮೇಲೇರಿಸಿ ಮಾತಾಡುವ ಅಭ್ಯಾಸ. ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದರು. ಕಪ್ಪು ಬಣ್ಣದ ಮೇಲೆ ಎರಡು ಅವರೆಕಾಳುಗಳಂಥ ಮಸುಕು ಗುರುತುಗಳಿದ್ದವು. ಕೆಳಗೆ ಎರಡು ಗೆರೆಗಳು ಏರಿಯೂ ಏರದ ಹಾಗೆ, ಇಳಿದೂ ಇಳಿಯದ ಹಾಗೆ ಎಳೆದುಕೊಂಡು ಹೋಗಿದ್ದವು.

“ನಿಧಾನ ಇದೆ,” ಎಂದರು. “ಔಷಧಿ ಎಳ್ಕೊಳೋದೂ ನಿಧಾನ, ಹೊರಗ್ ಬಿಡೋದಂತೂ ಇನ್ನೂ ನಿಧಾನ. ಎರಡೂ ಸೇರಿ ಮಾಡೋ ಕೆಲಸ ನಮಗೆ ಬೇಕಾದ್ದಕ್ಕಿಂತ ಕಡಿಮೆ ಬಂದಿದೆ. ಆದ್ರೆ ರಕ್ತದ ರಿಪೋರ್ಟು ಚೆನ್ನಾಗಿತ್ತಲ್ಲ, ಅದೇ ನಂಗೆ ಅನುಮಾನ. ಅವತ್ತು ನೀರು ಸರಿಯಾಗಿ ಕುಡಿದಿದ್ರಾ? ಮೈಯಲ್ಲಿ ನೀರಿಲ್ದಿದ್ರೂ ಹೀಗೇ ಕಾಣತ್ತೆ. ಕುಡಿದಿರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಮಾಡೋಣ. ಕುಡಿದೂ ಹೀಗೆ ಬಂದಿದೆ ಅಂದ್ರೆ ನಾನು ನಿಮ್ಮದನ್ನ ಮುಟ್ಟಲ್ಲ.”

“ಕುಡದಾಳ್ರೀ,” ಎಂದಳು ಮಲಕವ್ವ. “ನಾನ ಬಾಟ್ಲಿ ತುಂಬಿ ಕೊಟ್ಟಿದ್ದೆ. ಸಂಜೀಕ ಖಾಲಿ ಆಗಿತ್ತು.”

ಸಂಜೆಗೆ ಖಾಲಿಯಾಗಿತ್ತು, ನಿಜ. ಸ್ಕ್ಯಾನ್ ಮುಗಿದ ಮೇಲೆ ನೀರು ಕುಡಿಯಿರಿ ಎಂದು ಲಾವಣ್ಯ ಹೇಳಿದ್ದಳು, ಶಿವಗಂಗಾ ಬಸ್ ಸ್ಟಾಪಿನಲ್ಲಿ ಕುಡಿದು ಮುಗಿಸಿದ್ದಳು.

ಡಾಕ್ಟರ್ ಅವಳ ಮುಖ ನೋಡಿದರು. ಇಷ್ಟು ದಿನ ಮುಚ್ಚಿದ್ದ ಬಾಗಿಲೊಂದು ತಾನಾಗಿ ತೆರೆದುಕೊಂಡಿತ್ತು. ದೂಡುವುದೂ ಬೇಕಿರಲಿಲ್ಲ, ಸುಮ್ಮನೆ ಹೊರಗೆ ನಡೆದರೆ ಸಾಕಿತ್ತು.

“ಹ್ಞೂಂ,” ಎಂದಳು. ಈ ಸಲದ ಹ್ಞೂಂ ಅಭ್ಯಾಸದ್ದಾಗಿರಲಿಲ್ಲ. ಅವಳಿಗದು ಚೆನ್ನಾಗಿ ಗೊತ್ತಿತ್ತು.

ಡಾಕ್ಟರ್ ಕನ್ನಡಕವನ್ನು ಕೆಳಗಿಳಿಸಿದರು. ಸತ್ತವರ ಕಿಡ್ನಿ ಸಿಗುವ ಸರದಿಗೆ ಹೆಸರು ಬರೆಸಿ, ವರ್ಷಗಟ್ಟಲೆ ಆಗಬಹುದು, ಅಲ್ಲಿಯತನಕ ಡಯಾಲಿಸಿಸ್ ತಪ್ಪಿಸಬೇಡಿ ಎಂದರು. ಮಲಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸಲಿಂಗ ನೆಲ ನೋಡುತ್ತ ಕೂತಿದ್ದ. ಶಿವಗಂಗಾಳಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು, ಆದ ಮರುಗಳಿಗೆಯೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೇಸಿಗೆಯಾದರೇನು, ಆ ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು. ಮರುದಿನ ಲೈನಿನಲ್ಲಿ ಕೈ ಹಗುರಾಗಿ ಓಡಿತು. ಕಾಲರ್ ಮೇಲೆ ಕಾಲರ್ ಕೂಡಿಸುತ್ತ, ನಾನು ಕೊಡುವುದಿಲ್ಲ ಎಂದೇನೂ ಹೇಳಲಿಲ್ಲವಲ್ಲ, ಯಂತ್ರವೇ ಬೇಡವೆಂದಿತು ಎಂದು ತನಗೆ ತಾನೇ ವಕೀಲಿಕೆ ಮಾಡಿಕೊಂಡಳು. ಮೂರು ದಿನ ಆ ವಕೀಲಿಕೆ ನಡೆಯಿತು.

ನಾಲ್ಕನೆಯ ಸಂಜೆ ಕೆಲಸದಿಂದ ಬಂದಾಗ ಬಸಲಿಂಗ ಒಬ್ಬನೇ ಇದ್ದ. ಮಲಕವ್ವ ಪಕ್ಕದ ಬೀದಿಯ ನಲ್ಲಿಗೆ ಹೋಗಿದ್ದಳು. ಅಂದು ಡಯಾಲಿಸಿಸ್ ಇರಲಿಲ್ಲ, ಗೋಡೆಗೆ ಒರಗಿ ಕೂತಿದ್ದ. ಅಕ್ಕ ಚಪ್ಪಲಿ ಬಿಡುವ ಮೊದಲೇ ಎದ್ದು, ದೊಡ್ಡ ತಂಬಿಗೆಯ ತುಂಬ ನೀರು ತಂದು ಅವಳ ಮುಂದಿಟ್ಟ.

“ಕುಡಿ,” ಎಂದ.

“ಯಾಕೋ?”

“ಡಾಕ್ಟರ್ ಹೇಳಿದ್ದು ಕೇಳ್ಲಿಲ್ಲೇನು? ನಿನ್ನ ಕಿಡ್ನಿ ನಿಧಾನ ಆಗ್ಯಾವಂತ. ನಂದೂ ಹಂಗ ಸುರು ಆಗಿರಬೇಕು, ನನಗ ತಿಳೀಲಿಲ್ಲ. ಇವತ್ತಿಂದ ನೀ ನನ್ನ ಮುಂದ ಕುಂತು ನೀರು ಕುಡೀಬೇಕು. ಮುಂದಿನ ವಾರ ನಿನ್ನ ಸಲುವಾಗಿ ಡಾಕ್ಟರಿಗೆ ತೋರ್ಸೂಣು. ನನಗಾಗಿದ್ದು ನಿನಗ ಆಗಬಾರದು.”

ಅವನಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಕುಡಿಯುವ ಹಾಗಿರಲಿಲ್ಲ. ಕುಡಿದರೆ ಅದು ಮೈಯಲ್ಲೇ ಉಳಿದು ಉಸಿರು ಕಟ್ಟುತ್ತದೆ. ಬಾಯಾರಿಕೆ ತಡೆಯಲಾಗದಾಗ ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಳ್ಳುತ್ತಾನೆ. ಅಂಥವನು ತಂಬಿಗೆ ಮುಂದಿಟ್ಟು ಅಕ್ಕನ ಎದುರಿಗೆ ಕೂತ. ಅವಳು ಎತ್ತಿ ಕುಡಿಯತೊಡಗಿದಳು. ಅವಳ ಗಂಟಲಲ್ಲಿ ನೀರಿಳಿದ ಹಾಗೆಲ್ಲ ಅವನ ಗಂಟಲೂ ಏರಿ ಇಳಿಯುತ್ತಿತ್ತು, ತಿಳಿಯದೆಯೇ. ಅದನ್ನು ನೋಡುತ್ತ ಕುಡಿಯುವುದು ಅವಳಿಂದಾಗಲಿಲ್ಲ. ತಂಬಿಗೆ ಕೆಳಗಿಟ್ಟಳು.

“ನನ್ನ ಕಿಡ್ನಿಗೇನೂ ಆಗಿಲ್ಲೋ ಬಸ್ಯಾ,” ಎಂದಳು. “ಅವತ್ತು ನಾ ನೀರ ಕುಡಿದಿರಲಿಲ್ಲ.”

ಬಸಲಿಂಗನಿಗೆ ಮೊದಲು ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಬಿಲ್ಲೆಯ ಕತೆ, ಯಂತ್ರದ ಕೆಳಗೆ ಅವಸರವಾದೀತೆಂಬ ಹೆದರಿಕೆ, ಲಾವಣ್ಯಳಿಗೆ ಹೇಳಿದ ಹ್ಞೂಂ. ಆಮೇಲೆ ಡಾಕ್ಟರಿಗೆ ಹೇಳಿದ ಹ್ಞೂಂ. ಕೊನೆಯದನ್ನು ಹೇಳುವಾಗ ಅವನ ಮುಖ ನೋಡಲಿಲ್ಲ. ಅವನು ರೇಗಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ ಎಂದು ಕಾಯ್ದಳು. ಅವನು ಬೈದಿದ್ದರೆ ಎಷ್ಟು ಸುಲಭವಾಗುತ್ತಿತ್ತು.

“ಯಾರ ಮುಂದೂ ಹೇಳಬ್ಯಾಡ,” ಎಂದ ಬಸಲಿಂಗ. “ಯವ್ವಗಂತೂ ಹೇಳ್ಲೇಬ್ಯಾಡ. ಹಂಗ ಇರಲಿ ಬಿಡು.”

“ಹಂಗ ಇರಲಿ ಅಂದ್ರ?”

“ಡಯಾಲಿಸಿಸ್ ಮ್ಯಾಲ ಎಷ್ಟ್ ಮಂದಿ ಬದುಕ್ಯಾರ. ನನ್ನ ಪಕ್ಕದ ಬೆಡ್‌ನಾಗ ಬೈರಪ್ಪ ಅಂತ ಒಬ್ಬ ಅಜ್ಜ ಅದಾನ, ಆರು ವರ್ಷ ಆತಂತ. ಇನ್ನೂ ಬೀಡಿ ಸೇದ್ತಾನ.” ಸ್ವಲ್ಪ ನಕ್ಕ, ನಗು ಉಳಿಯಲಿಲ್ಲ. “ಅಕ್ಕಾ, ಖರೇ ಹೇಳು. ಕೊಡಾಕ ನಿನಗ ಮನಸ್ಸೈತೇನು? ನಾನರ ಮೊದ್ಲ ಕೇಳಬೇಕಿತ್ತು. ಕೇಳಿದ್ರ ನೀ ಎಲ್ಲಿ ಒಲ್ಲೆ ಅಂದೀಯೋ ಅಂತ ಹೆದರಿ ಕೇಳ್ಲಿಲ್ಲ.”

ಶಿವಗಂಗಾ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದಳು. ಹೊರಗೆ ಯಾರದೋ ಟೆಂಪೊ ಹಿಂದಕ್ಕೆ ಬರುತ್ತ ಕುಯ್ ಕುಯ್ ಎನ್ನುತ್ತಿತ್ತು. ಇವನು ಕೇಳಿಬಿಟ್ಟನಲ್ಲ ಎಂದು ಅವಳಿಗೆ ಅಳು ಬಂತು. ಈ ಒಂದು ಮಾತಿಗೆ ತಾನು ಎಷ್ಟು ದಿನದಿಂದ ಕಾಯುತ್ತಿದ್ದೆ ಎನ್ನುವುದು ಅವಳಿಗೂ ಗೊತ್ತಿರಲಿಲ್ಲ.

“ಮನಸ್ಸೈತಿ,” ಎಂದಳು ಕೊನೆಗೆ. “ಆದ್ರ ದಣಿವೂ ಆಗೇತಿ. ಎರಡೂ ಖರೇನ. ದಣಿವಾಗೇತಿ ಅಂತ ಅಂದ್ರ ಎಲ್ಲಾರೂ ಮನಸ್ಸಿಲ್ಲ ಅಂತ ತಿಳಕೋತಾರ.”

“ನಾ ತಿಳಕೊಳ್ಳೂದಿಲ್ಲ.”

“ಹಂಗಾದ್ರ ನಾಳಿಗೆ ಡಯಾಲಿಸಿಸ್‌ಗೆ ನಿನ್ನ ಸಂಗಾಟ ನಾನೂ ಬರ್ತೀನಿ. ಡಾಕ್ಟರ್‌ಗೆ ಹೇಳ್ತೀನಿ.”

ಬೇಡ ಎಂದು ಅವನು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ. ಬದುಕುವ ಆಸೆ ಅವನಿಗೂ ಇತ್ತು, ಅದರಲ್ಲಿ ತಪ್ಪೇನಿದೆ?

ಮರುದಿನ ಅವಳು ಹೇಳಿದ್ದನ್ನು ಕೇಳಿ ಡಾಕ್ಟರ್ ರಾಜೇಂದ್ರ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಮತ್ತೆ ಹಣೆಗೇರಿಸಿದರು. “ನೀರಿನ ವಿಷಯಕ್ಕೂ ಸುಳ್ಳು ಹೇಳ್ತಾರೇನ್ರೀ ಯಾರಾದ್ರೂ?” ಎಂದು ರೇಗಿದರು. ಯಾಕೆ ಕುಡಿಯಲಿಲ್ಲ ಎಂದು ಕೇಳಿದರು. ಬಿಲ್ಲೆಯ ವಿಷಯ ಬಂದಾಗ ರೇಗುವುದನ್ನು ನಿಲ್ಲಿಸಿದರು. ಔಷಧಿ ಮೈಯಿಂದ ಹೋಗಿ ಎಷ್ಟೋ ದಿನವಾಗಿದೆ, ಇನ್ನೊಂದು ಸಲ ಮಾಡುವುದಕ್ಕೆ ಅಡ್ಡಿಯಿಲ್ಲ ಎಂದರು. ಆಮೇಲೆ ಬಸಲಿಂಗನನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ನಿಮಗೆ ಇಷ್ಟವಿಲ್ಲದಿದ್ದರೆ ಈಗಲೇ ಹೇಳಿ, ನಿಮ್ಮ ಕಿಡ್ನಿ ಹೊಂದುವುದಿಲ್ಲವೆಂದು ನಾನೇ ಹೇಳಿಬಿಡುತ್ತೇನೆ ಎಂದರು. ಬೇಡ ಸಾರ್, ಸ್ಕ್ಯಾನ್ ಮಾಡಿ ಎಂದಳು.

ಮಲಕವ್ವನಿಗೆ, ಡಾಕ್ಟರಿಗೆ ಅನುಮಾನವಂತೆ, ಇನ್ನೊಮ್ಮೆ ನೋಡುತ್ತಾರಂತೆ ಎಂದಷ್ಟೇ ಹೇಳಿದರು. ಅವಳು ಮನೆದೇವರಿಗೆ ಹರಕೆ ಹೊತ್ತಳು.

ಎರಡನೆಯ ಸಲ ಶಿವಗಂಗಾ ನೀರು ಕುಡಿದದ್ದೇ ಒಂದು ಕತೆ. ಮನೆಯಲ್ಲಿ ಬಸಲಿಂಗನ ಎದುರು ಒಂದು ತಂಬಿಗೆ, ಬಸ್ ಹತ್ತುವ ಮುಂಚೆ ಅರ್ಧ ಬಾಟಲಿ. ಕುಡಿದು ಅಭ್ಯಾಸವಿಲ್ಲದ ಹೊಟ್ಟೆ ಬಸ್ಸಿನಲ್ಲಿ ಕುಳುಕುಳು ಎನ್ನತೊಡಗಿತು. ಹೆಬ್ಬಗೋಡಿ ಬರುವಷ್ಟರಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಳು. ಮುಂದೆ ಲಾರಿಗಳ ಸಾಲು, ಬಸ್ಸು ಅಲುಗುವುದಿಲ್ಲ. ಲೈನಿನಲ್ಲಾಗಿದ್ದರೆ ಹಲ್ಲು ಕಚ್ಚಿ ಕೂರುತ್ತಿದ್ದಳು. ಅಂದು ಏನನಿಸಿತೋ, ಎದ್ದು ನಿಂತು ಕಂಡಕ್ಟರಿಗೆ ಬಾಗಿಲು ತೆಗಿ ಎಂದಳು.

“ಸ್ಟಾಪ್ ಅಲ್ಲ ಕಣಮ್ಮ ಇದು!”

“ಗೊತ್ತೈತಿ, ತಗೀರಿ,” ಎಂದಳು. ಅವಳ ದನಿ ಕೇಳಿ ಕಂಡಕ್ಟರ್ ತೆಗೆದ. ರಸ್ತೆ ಪಕ್ಕದ ದರ್ಶಿನಿ ಹೋಟೆಲಿಗೆ ನುಗ್ಗಿ, ಕ್ಯಾಶಿನಲ್ಲಿ ಕೂತವನಿಗೆ ಒಂದು ಮಾತೂ ಹೇಳದೆ ಹಿಂದಿನ ಟಾಯ್ಲೆಟ್ಟಿಗೆ ಹೋದಳು. ಬಂದು ಅದೇ ದರ್ಶಿನಿಯಲ್ಲಿ ಮತ್ತೆರಡು ಲೋಟ ನೀರು ಕುಡಿದು, ಆಟೊ ಹತ್ತಿ ಆಸ್ಪತ್ರೆ ತಲುಪಿದಳು. ಇಷ್ಟೇ ಇಷ್ಟು. ಆದರೆ ಯಾರನ್ನೂ ಕೇಳದೆ, ಯಾರ ಗಡಿಯಾರಕ್ಕೂ ಹೆದರದೆ ಹೋಗಿಬಂದದ್ದು ಎಷ್ಟು ಕಾಲದ ಮೇಲೋ. ಆಟೊದಲ್ಲಿ ಕೂತು ಒಬ್ಬಳೇ ನಕ್ಕಳು.

“ಈ ಸಲ ನಿಜವಾಗ್ಲೂ ಕುಡಿದಿದ್ದೀರಾ?” ಎಂದು ಲಾವಣ್ಯ ಕಣ್ಣು ಕಿರಿದು ಮಾಡಿದಳು.

“ಇನ್ನೊಂದು ಗುಟುಕು ಕುಡದ್ರ ಇಲ್ಲೇ ಕೆರಿ ಆಗ್ತೈತಿ ನೋಡ್ರಿ.”

ಈ ಸಲ ನಿದ್ದೆ ಬರಲಿಲ್ಲ. ತಲೆ ವಾಲಿಸಿದರೆ ಪರದೆಯ ಒಂದು ಮಗ್ಗುಲು ಕಾಣುತ್ತಿತ್ತು. ಮೊದಲು ಬರೀ ಕತ್ತಲೆ. ಆಮೇಲೆ ಎರಡು ಕಾಳುಗಳು, ಒಂದರ ಪಕ್ಕ ಒಂದು, ನಿಧಾನವಾಗಿ ಬೆಳಗತೊಡಗಿದವು. ಬೆಳಗಿ, ಥಳಥಳ ಎಂದು, ಮತ್ತೆ ಸಣ್ಣಗಾಗುತ್ತ ಕೆಳಗೆ ಹರಿದುಹೋದವು. ಹುಟ್ಟಿದಾಗಿನಿಂದ ತನ್ನೊಳಗೆ ಇವು ಹೀಗೆ ದುಡಿಯುತ್ತ ಬಂದಿವೆಯಲ್ಲ, ತಾನು ಒಂದು ದಿನವೂ ನೆನೆಯಲಿಲ್ಲವಲ್ಲ ಎಂದು ಅವಳಿಗೆ ಅವುಗಳ ಮೇಲೆ ಕನಿಕರ ಹುಟ್ಟಿತು. ಯಾವುದು ಹೋಗುತ್ತದೋ, ಯಾವುದು ಉಳಿಯುತ್ತದೋ. ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಲಾವಣ್ಯಳನ್ನು ಕೇಳಿದಳು. ಡಾಕ್ಟರ್ ಹೇಳುತ್ತಾರೆ, ಅಲ್ಲಾಡಬೇಡಿ ಎಂದಳು ಅವಳು.

ಡಾಕ್ಟರ್ ರಾಜೇಂದ್ರ ಮತ್ತೆ ಮೂವರನ್ನೂ ಕರೆಸಿದರು. ಈ ಸಲ ಪರದೆ ತಿರುಗಿಸುವ ಮೊದಲೇ ಅವರ ಮುಖದಲ್ಲಿ ನಗುವಿತ್ತು.

“ಚೆನ್ನಾಗಿ ಬಂದಿದೆ. ಒಟ್ಟು ಕೆಲಸಾನೂ ಚೆನ್ನಾಗಿದೆ, ಹೊರಗ್ ಬಿಡೋದೂ ಸಲೀಸಾಗಿದೆ. ನೂರರಲ್ಲಿ ಬಲಗಡೇದು ಐವತ್ತೈದು ಮಾಡ್ತಿದೆ, ಎಡಗಡೇದು ನಲವತ್ತೈದು. ಇನ್ನೊಂದೆರಡು ಪರೀಕ್ಷೆ ಇದೆ, ಅದೂ ಸರಿಯಿದ್ರೆ ಎಡಗಡೇದನ್ನ ತಗೋತೀವಿ.”

ಬಸಲಿಂಗ ಅಕ್ಕನ ಮುಂಗೈ ಹಿಡಿದುಕೊಂಡ. ಮಲಕವ್ವ ಎರಡೂ ಕೈ ಎತ್ತಿ ಡಾಕ್ಟರಿಗೂ ಗೋಡೆಯ ಮೇಲಿನ ಕ್ಯಾಲೆಂಡರಿಗೂ ಸೇರಿಸಿ ಒಂದೇ ಸಲ ಕೈ ಮುಗಿದಳು. ಆಮೇಲೆ ಏನೋ ನೆನಪಾದವಳಂತೆ ಕೈ ಇಳಿಸಿದಳು.

“ಅಂದ್ರ ಚಲೋದು ಬಲಗಡೇದು ಅಲ್ರೀ?”

“ಎರಡೂ ಚೆನ್ನಾಗಿವೆ ಅಮ್ಮ. ಬಲಗಡೇದು ಸ್ವಲ್ಪ ಜಾಸ್ತಿ ಕೆಲಸ ಮಾಡತ್ತೆ, ಅಷ್ಟೆ.”

“ಹಂಗಾದ್ರ ಅದನ್ನ ತಗೋರೀ, ಸಾಹೇಬ್ರ. ಕೊಡೂದು ಕೊಡಾಕತ್ತೇವಿ, ಕಡಿಮಿದ್ಯಾಕ ಕೊಡೂದು? ಆಕಿದೇನು, ಕುಂತು ಹೊಲಿಯೂದು. ಇಂವ ಗಂಡಸು, ದುಡಿಯಾಂವ, ನಾಳೆ ಲಗ್ನ ಆಗಾಂವ.”

ಮಲಕವ್ವ ಕೆಟ್ಟವಳಲ್ಲ. ಮಗಳ ಮುಂದೆಯೇ ಇದನ್ನು ಹೇಳುತ್ತಿದ್ದೇನೆ ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ, ಅಷ್ಟೆ. ಅದೇ ದೊಡ್ಡ ಸಂಕಟ. ಕೆಟ್ಟವಳಾಗಿದ್ದರೆ ಜಗಳವಾಡಬಹುದಿತ್ತು.

ಡಾಕ್ಟರ್ ತಲೆಯಾಡಿಸಿದರು. “ಹಾಗ್ ಬರಲ್ಲಮ್ಮ. ಈ ಸ್ಕ್ಯಾನ್ ಮಾಡೋದೇ ಅದಕ್ಕೆ. ಎರಡರಲ್ಲಿ ಯಾವುದು ಹೆಚ್ಚು ಚೆನ್ನಾಗಿದೆಯೋ ಅದು ಕೊಡೋರ ಹತ್ರಾನೇ ಉಳೀಬೇಕು. ಇವರು ಮುಂದೆ ಅದೊಂದರಲ್ಲೇ ಬದುಕಬೇಕಲ್ಲ.”

“ಇನ್ನೊಂದ್ ಸಲ ಹೇಳ್ರಿ ಸಾರ್,” ಎಂದಳು ಶಿವಗಂಗಾ.

ಡಾಕ್ಟರ್ ಅವಳ ಕಡೆ ತಿರುಗಿದರು. “ಒಳ್ಳೇದು ನಿಮಗೇ ಬಿಡ್ತೀವಿ ಅಂದೆ. ಅದು ರೂಲು.”

ಉಬ್ಬಿದ ರೊಟ್ಟಿ ತಮ್ಮನ ತಟ್ಟೆಗೆ, ಕಿಟಕಿಯ ಸೀಟು ತಮ್ಮನಿಗೆ, ಫ್ಯಾನಿನ ಕೆಳಗಿನ ಜಾಗ ತಮ್ಮನಿಗೆ, ಶಾಲೆಯ ಕೊನೆಯ ವರ್ಷಗಳೂ ತಮ್ಮನಿಗೇ. ಯಾರೂ ಕಸಿದುಕೊಂಡದ್ದಲ್ಲ. ಅವಳೇ ಎತ್ತಿ ಕೊಟ್ಟದ್ದು, ಸಂತೋಷದಿಂದಲೇ ಕೊಟ್ಟದ್ದು. ಗಂಡನ ಮನೆಯಲ್ಲೂ ಅಷ್ಟೆ, ಲೈನಿನಲ್ಲೂ ಅಷ್ಟೆ. ಒಳ್ಳೆಯದು ಇವಳಿಗಿರಲಿ ಎಂಬ ರೂಲು ಯಾವ ಮನೆಯಲ್ಲೂ, ಯಾವ ಊರಲ್ಲೂ ಅವಳು ಕಂಡಿರಲಿಲ್ಲ. ಮುಖಪರಿಚಯವಷ್ಟೇ ಇರುವ ಈ ಸಣ್ಣ ಮನುಷ್ಯ ಅದನ್ನು ಹೇಳುತ್ತಿದ್ದಾನೆ, ಅದೂ ದಯೆಯ ಮಾತಿನಂತೆ ಅಲ್ಲ, ಬಸ್ಸಿನ ಸಮಯ ಹೇಳುವ ಹಾಗೆ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ಮಲಕವ್ವ ಸೋಲುವವಳಲ್ಲ. ಮಗಳ ತೊಡೆಯ ಮೇಲೆ ಕೈಯಿಟ್ಟಳು.

“ರೂಲ್ ಇರ್ತಾವ, ಇಲ್ಲಂತ ಯಾರಂದ್ರು? ಆದ್ರ ಕೊಡಾಕೀನ ಒಪ್ಪಿದ್ರ ಇವರ್ದೇನು ಹೋಗ್ತೈತಿ? ನೀ ಒಂದು ಮಾತು ಹೇಳ ಶಿವಗಂಗಾ. ನೀ ಹೇಳಿದ್ರ ಕೇಳ್ತಾರ.”

“ಯವ್ವಾ, ಸುಮ್ನಿರು,” ಎಂದ ಬಸಲಿಂಗ.

“ನೀ ತಡಿಯೋ,” ಎಂದಳು ಶಿವಗಂಗಾ ತಮ್ಮನಿಗೆ. ತಾಯಿಯ ಕೈಯನ್ನು ತೊಡೆಯ ಮೇಲಿಂದ ಎತ್ತಿ, ತನ್ನೆರಡೂ ಕೈಗಳಲ್ಲಿ ಮೆಲ್ಲಗೆ ಹಿಡಿದುಕೊಂಡಳು.

“ಕೊಡ್ತೀನಿ ಅಂದೀನಿ, ಕೊಡ್ತೀನಿ,” ಎಂದಳು. “ಆದ್ರ ಚಲೋದು ನಂದು, ಯವ್ವಾ. ಅದು ನನಗ ಬೇಕು.”